ಬಾಲ ಹರಿದ ಮೀನು

ಓದಿದವರಿಗೆ ತಪ್ಪು ಒಪ್ಪಿಕೊಳ್ಳುವುದು ಕಷ್ಟ. ಆ ತಪ್ಪನ್ನು ಸ್ವಂತ ಅಪ್ಪನೇ ಹಿಡಿದರೆ ಇನ್ನೂ ಕಷ್ಟ. ನಾನು ಸಮುದ್ರದ ಮೀನುಗಳ ನಡವಳಿಕೆಯನ್ನು ಅಭ್ಯಾಸ ಮಾಡುವವಳು. ಇರುವುದು ಮಾತ್ರ ಕೊಯಮತ್ತೂರಿನಲ್ಲಿ, ಸಮುದ್ರದ ಗಾಳಿಯೂ ಸುಳಿಯದ ಊರಿನಲ್ಲಿ. ದೂರದ ಕಡಲಿನ ಬಂಡೆಯೊಂದರ ಪಕ್ಕ ಮುಳುಗಿಸಿಟ್ಟ ಕ್ಯಾಮರಾದಿಂದ ವಿಡಿಯೊಗಳು ಬರುತ್ತವೆ. ಯಾವ ಮೀನು ಯಾವ ಕಡೆ ಹೋಯಿತು ಎಂದು ಬರೆದುಕೊಳ್ಳುವುದೇ ನನ್ನ ಉದ್ಯೋಗ. ಮನೆಯಲ್ಲಿ ಮೊಟ್ಟೆಯನ್ನೂ ಬೇಯಿಸದ ಅಮ್ಮ, ನೆಂಟರು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಅಲ್ಲಿಗೇ ಮಾತು ಮುಗಿಸುತ್ತಾರೆ.

ಈ ಸಲದ ಕೆಲಸ ಸಣ್ಣದಾಗಿರಲಿಲ್ಲ. ಆ ಬಂಡೆಯ ಸುತ್ತ ಬಲೆ ಬೀಸುವುದನ್ನು ವರ್ಷವಿಡೀ ನಿಲ್ಲಿಸಬೇಕೋ, ಕೆಲವು ವಾರ ನಿಲ್ಲಿಸಿದರೆ ಸಾಕೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು. ಕ್ಯಾಮರಾದ ಮುಂದೆ ಹಾಯುವ ಮೀನುಗಳನ್ನೆಲ್ಲ ಎಣಿಸಿ, "ದಂಡುದಂಡಾಗಿ ದಾಟಿಹೋಗುತ್ತವೆ, ಅವು ದಾಟುವ ಕೆಲವು ವಾರ ಬಲೆ ನಿಲ್ಲಿಸಿದರೆ ಸಾಕು" ಎಂದು ಧೈರ್ಯವಾಗಿ ಬರೆದೆ. ಸೋಮವಾರ ಕಳಿಸಿದರಾಯಿತೆಂದು, ಶನಿವಾರ ಎಂದಿನಂತೆ ಲ್ಯಾಪ್‌ಟಾಪ್ ಹೊತ್ತು ಬಸ್ಸು ಹತ್ತಿ ನೆಗಮಂಗೆ, ಅಪ್ಪ ಅಮ್ಮನ ಮನೆಗೆ ಹೋದೆ.

ಅಪ್ಪ ನೇಕಾರರು. ಅವರು ಸಮುದ್ರ ಕಂಡದ್ದು ಒಂದೇ ಸಲ, ರಾಮೇಶ್ವರದಲ್ಲಿ. ಅದೂ ಮೂಗು ಹಿಡಿದು ಕಣ್ಣು ಮುಚ್ಚಿ ಮುಳುಗಿದ್ದರಿಂದ, ಕಂಡರು ಎನ್ನುವುದೂ ಕಷ್ಟವೇ. ಮಗ್ಗದಿಂದ ಎದ್ದು ಕಾಫಿಗೆ ಬಂದವರು ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ವಿಡಿಯೊ ನೋಡಿದರು.

"ಏನ್ ಕಣ್ಣು, ಇವನೇ ತಿರುಗಿ ತಿರುಗಿ ಬರ್ತಾನಲ್ಲ?" ಅಪ್ಪ ನನ್ನನ್ನು ಮುದ್ದಿಗೆ ಕರೆಯುವುದೇ ಕಣ್ಣು ಎಂದು.

"ಇಲ್ಲಪ್ಪಾ, ಅವೆಲ್ಲ ಬೇರೆ ಬೇರೆ ಮೀನು."

"ಬಾಲ ಪಾರು, ಬಾಲ ನೋಡು," ಎಂದು ಪರದೆಯ ಮೇಲೆ ಬೆರಳಿಟ್ಟರು. "ಇಲ್ಲಿ ಹರ್ದೈತೆ. ಆಗ ಆ ಕಡೆ ಹೋದ, ಈಗ ಈ ಕಡೆ ಬಂದ. ಮಗ್ಗದಾಗೆ ಒಂದು ಲಾಳಿ ನೂರು ಸಲ ಓಡಿದ್ರೆ ನೂರು ಲಾಳಿ ಅಂತ ಎಣಿಸ್ತೀಯಾ?"

ನೇಯ್ದ ಸೀರೆ ಮಡಿಸುವಾಗ ಅವರ ಕಣ್ಣಿಗೆ ಮೊದಲು ಬೀಳುವುದು ತಪ್ಪಿದ ಎಳೆ. ನಾನು ಮೀನಿನ ಉದ್ದ, ಬಣ್ಣ, ವೇಗ ಎಲ್ಲ ಬರೆದಿದ್ದೆ. ಹರಿದ ಬಾಲವೊಂದನ್ನೇ ಬಿಟ್ಟಿದ್ದೆ. ಮೊದಲು ಸಿಟ್ಟು ಬಂತು, ಆಮೇಲೆ ವಿಡಿಯೊವನ್ನು ಮೊದಲಿನಿಂದ ಹಾಕಿದೆ. ಭಾನುವಾರವಿಡೀ ಅಪ್ಪ ಮಗ್ಗ ಬಿಟ್ಟು ನನ್ನ ಪಕ್ಕ ಕುಳಿತರು. ಒಂದಕ್ಕೆ ರೆಕ್ಕೆ ಸೀಳಿತ್ತು, ಇನ್ನೊಂದಕ್ಕೆ ಬೆನ್ನ ಮೇಲೆ ಗಾಯ. ಸಂಜೆಯ ಹೊತ್ತಿಗೆ ನನ್ನ ದಂಡೆಲ್ಲ ಕರಗಿ ಇಪ್ಪತ್ತೇಳು ಮೀನು ಉಳಿದವು. ಅವು ಎಲ್ಲಿಗೂ ಹೋಗುತ್ತಿರಲಿಲ್ಲ. ಆ ಬಂಡೆಯೇ ಅವುಗಳ ಮನೆ. "ವರ್ಷವಿಡೀ ಬಲೆ ಬೇಡ" ಎಂದು ತಿದ್ದಿದೆ.

ವರದಿಯ ಕೊನೆಯಲ್ಲಿ ಅಪ್ಪನ ಹೆಸರು ಬರೆದು ವಂದನೆ ಸಲ್ಲಿಸಿದೆ. ಅವರ ಆ ನೋಟ ಇಲ್ಲದಿದ್ದರೆ ನನ್ನ ಕೈಯಾರೆ ಮೀನುಗಳ ಒಂದು ಊರನ್ನೇ ಬಲೆಗೆ ಕೊಡುತ್ತಿದ್ದೆ. ಈ ಋಣ ತೀರುವಂಥದ್ದಲ್ಲ. ಹೇಳಿದರೆ ಅಪ್ಪ ನಕ್ಕರು. "ಹೆಸರು ಪೇರೆಲ್ಲ ಯಾತಕ್ಕೆ ಕಣ್ಣು? ನಮ್ಮ ಬಾಗಿಲಿಗೆ ಆ ಕ್ಯಾಮರಾ ಇಟ್ಟಿದ್ರೆ, ವಾರಾವಾರ ತಿಂಡಿ ಡಬ್ಬ ತುಂಬಿಸ್ಕೊಂಡು ಹೋಗೋ ನಿನ್ನನ್ನೇ ನೋಡಿ, ನನಗೆ ಐವತ್ತು ಹೆಣ್ಣುಮಕ್ಕಳು ಅಂತ ನೀನು ಬರ್ದಿರ್ತಿದ್ದೆ!"

ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಆ ಐವತ್ತರಲ್ಲಿ ಒಬ್ಬಳಾದ್ರೂ ಖಾಲಿ ಡಬ್ಬ ವಾಪಸ್ ತಂದಿದ್ದಾಳಾ, ಕೇಳಿ."

ತಂದಿರಲಿಲ್ಲ.