ಸೀಸದ ಗೆರೆಯೂ ಕಿಂಡಿ ವಿಸ್ತರಣಾ ಯೋಜನೆಯೂ

ಬಹಳ ಹಿಂದೆ, ಸನ್ಮಾನದ ಶಾಲುಗಳು ಇನ್ನೂ ಹತ್ತಿಯವಾಗಿದ್ದ ಕಾಲದಲ್ಲಿ, ಥಳಥಳಪುರವೆಂಬ ರಾಜ್ಯವಿತ್ತು. ಅಲ್ಲೊಂದು ಪ್ರಾದೇಶಿಕ ರೋಹಿತದರ್ಶನ ಸಂಘವಿತ್ತು. ಹೆಸರು ಕೇಳಿ ಗಾಬರಿಯಾಗಬೇಡಿ ಓದುಗರೇ. ಕೆರೆಯ ನೀರನ್ನು ಜ್ವಾಲೆಗೆ ಚಿಮುಕಿಸಿ, ಆ ಬೆಳಕನ್ನು ಕೂದಲೆಳೆಯಷ್ಟು ಸಣ್ಣ ಕಿಂಡಿಯಲ್ಲಿ ಹಾಯಿಸಿ, ಬಣ್ಣಗಳ ನಡುವೆ ಮೂಡುವ ಗೆರೆ ನೋಡಿ ನೀರಿನಲ್ಲಿ ಏನು ಬೆರೆತಿದೆಯೆಂದು ಹೇಳುವುದು ಅವರ ಕಸುಬು. ಸಂಘ ಹುಟ್ಟಿದ್ದೇ ಊರಿನ ನೀರು ಕಾಯಲು.

ಸುವರ್ಣ ಮಹೋತ್ಸವದ ವರ್ಷ ಕಾರ್ಯದರ್ಶಿ ಗಿರಿಜಾಂಬೆಗೆ ಕೆಳಕೇರಿಯ ನೀರಿನಲ್ಲಿ ಸೀಸದ ಗೆರೆ ಕಂಡಿತು. ಕೆರೆಯ ಮೇಲ್ಗಡೆ ಮಹಾರಾಜ ತೇಜೋಭಾನುಗಳ ಪ್ರತಿಮೆ ಎರಕ ಹೊಯ್ಯುವ ಕಾರ್ಖಾನೆಯಿತ್ತು; ಅದರ ಸೀಸದ ಕೊಳೆ ಕೆಳಕೇರಿಯವರು ನೀರು ತರುವ ಆ ಕೆರೆಗೇ ಇಳಿಯುತ್ತಿತ್ತು. ಗಿರಿಜಾಂಬೆಯ ಮಗಳು ಪದ್ದಿಯ ಗಂಡನ ಮನೆ ಇದ್ದದ್ದು ಕೆಳಕೇರಿಯಲ್ಲೇ. ಗಿರಿಜಾಂಬೆ ಮಹೋತ್ಸವದಲ್ಲಿ ಬಿಳಿ ಪರದೆಯ ಮೇಲೆ ಆ ಗೆರೆಯನ್ನೇ ತೋರಿಸಿದಳು.

"ನಮ್ಮ ರಾಜ್ಯದ ಬೆಳಕಿನಲ್ಲಿ ಗೆರೆಯೇ?" ಮಹಾರಾಜರು ಹುಬ್ಬೇರಿಸಿದರು.

"ಸೀಸ, ಸ್ವಾಮೀ. ವಿಷ! ಕಾರ್ಖಾನೆ ನಿಲ್ಲಿಸ್ಬೇಕು. ನನ್ ಮಗಳು ಅದೇ ನೀರು ಕುಡೀತಾಳೆ."

ವಿಜ್ಞಾನ ಮಂತ್ರಿ ಹೂಂಗುಟ್ಟಯ್ಯ ಕೈಮುಗಿದ. "ನೀರಲ್ಲಿ ಏನೂ ಇಲ್ಲ ಮಹಾಪ್ರಭು, ದೋಷ ಇರೋದು ಕಿಂಡೀಲಿ. ಅಷ್ಟು ಸಣ್ಣ ಕಿಂಡಿಯಿಂದ ತಮ್ಮಂಥ ದೊಡ್ಡವರ ರಾಜ್ಯ ನೋಡೋದುಂಟೇ?"

ಕೂಡಲೇ ಕಿಂಡಿ ವಿಸ್ತರಣಾ ಯೋಜನೆ ಜಾರಿಗೆ ಬಂತು. ಟೇಪು ಕತ್ತರಿಸಿ, ಮಂಗಳವಾದ್ಯ ಊದಿಸಿ, ಕಿಂಡಿಯನ್ನು ಹೆಬ್ಬೆರಳು ತೂರುವಷ್ಟು ಅಗಲಿಸಲಾಯಿತು. ಬೆಳಕು ನುಗ್ಗಿತು, ಬಣ್ಣಗಳು ಒಂದರೊಳಗೊಂದು ಕಲಸಿಹೋದವು, ಗೆರೆ ಮಾಯ! ಕಿಂಡಿ ಅಗಲಿಸಿದರೆ ಯಾವ ಗೆರೆಯೂ ಕಾಣದೆಂಬುದು ಸಂಘದ ಹಿರಿಯರಿಗೆಲ್ಲ ಗೊತ್ತಿತ್ತು. ಆದರೆ ಹೆಗಲಿಗೆ ಶಾಲು ಬಿದ್ದಾಗಿತ್ತು, ಅದೂ ರೇಷ್ಮೆಯದು. ಚಪ್ಪಾಳೆ ತಟ್ಟಿದರು, ಅವರ ಮನೆ ಹಾಳಾಗ! ಮಹಾರಾಜರನ್ನು ಆಜೀವ ಅಧ್ಯಕ್ಷರನ್ನಾಗಿ ಆರಿಸಿ, ಗಿರಿಜಾಂಬೆಯನ್ನು ಹೊರಗೆ ಹಾಕಿದರು. ಸವಿನೆನಪಿಗೆ ಇನ್ನೊಂದು ಪ್ರತಿಮೆ ಎರಕವಾಯಿತು.

ಮರುವರ್ಷದ ಉತ್ಸವಕ್ಕೆ ಕೆಳಕೇರಿಯ ಹೆಂಗಸರನ್ನು ಆರತಿಗೆ ಕರೆಸಿದ್ದರು. ನಗಬೇಕೆಂದು ಸೂಚನೆಯಿತ್ತು. ಪದ್ದಿ ನಕ್ಕಳು. ಹಲ್ಲಿನ ಬುಡದಲ್ಲಿ, ವಸಡಿನುದ್ದಕ್ಕೂ, ನೀಲಿಗಪ್ಪು ಗೆರೆ ಮೂಡಿತ್ತು.

"ಇವಳ ಬಾಯಲ್ಲೇನದು?" ಎಂದರು ಮಹಾರಾಜರು.

"ಸೀಸ," ಗುಂಪಿನೊಳಗಿಂದ ಗಿರಿಜಾಂಬೆ ಕೂಗಿದಳು. "ಈಗ ಯಂತ್ರ ಬೇಡ ಸ್ವಾಮೀ, ಬರಿಗಣ್ಣಿಗೇ ಕಾಣ್ತದೆ. ಅಯ್ಯೋ, ನನ್ ಕೂಸೇ!"

ಹೂಂಗುಟ್ಟಯ್ಯ ತಡವರಿಸಲಿಲ್ಲ. "ಮಹಾಪ್ರಭು, ಪ್ರಜೆಗಳು ವಿಪರೀತ ಅಗಲ ಬಾಯಿ ತೆರೀತಿದ್ದಾರೆ. ಈ ಕಿಂಡೀನ ಸಣ್ಣದು ಮಾಡಿಸ್ಬೇಕು."

ಹಾಗೇ ಆಯಿತು. ಪ್ರಜೆಗಳು ತುಟಿ ಬಿಚ್ಚದೆ ನಗತಕ್ಕದ್ದು, ತಪ್ಪಿದವರು ಪ್ರತಿಮಾ ನಿಧಿಗೆ ದಂಡ ತೆರತಕ್ಕದ್ದು ಎಂದು ರಾಜಾಜ್ಞೆ ಹೊರಟಿತು. ಮೊದಲ ದಂಡ ಪದ್ದಿಯದು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ದಂಡ ಕಟ್ಟಿದಳು, ಬರುವ ದಾರಿಯಲ್ಲಿ ಅದೇ ಕೆರೆಯಲ್ಲಿ ಕೊಡ ತುಂಬಿಸಿಕೊಂಡು ಮನೆಗೆ ಹೋದಳು.