ಮಾವನವರ ಮಿರ್ಚಿ ವೀಡಿಯೊ

ಫೋನಿನಲ್ಲಿ ಜಾಗವಿಲ್ಲ ಎಂಬ ಸೂಚನೆ ಬಂದ ಭಾನುವಾರ, ಯಾದಗಿರಿಯ ನಮ್ಮ ಮನೆಯಲ್ಲಿ ನಾನೊಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ನಮ್ಮ ಕಡೆಯ ತಿಂಡಿಗಳನ್ನು ಜಗತ್ತಿಗೆ ತೋರಿಸಬೇಕೆಂದು ವರ್ಷಗಟ್ಟಲೆ ವೀಡಿಯೊ ತೆಗೆದಿದ್ದೆ. ಒಂದನ್ನೂ ಹಾಕಿರಲಿಲ್ಲ. ಬೆಳಕು ಸಾಲದು, ಹಿಂದೆ ಎಮ್ಮೆ ಬಂದಿದೆ ಎಂದು ಪ್ರತಿಯೊಂದಕ್ಕೂ ನಾನೇ ತಕರಾರು ತೆಗೆದಿದ್ದೆ. ಇನ್ನು ಕೆಟ್ಟದ್ದನ್ನು ಅಳಿಸುವುದು, ಒಳ್ಳೆಯದನ್ನು ಹಾಕುವುದು!

"ಮೊದಲ ಅಟ್ಟದ ಮ್ಯಾಲಿನ ಡಬ್ಬಿ ಇಳಸ್ರಿ, ಆಮ್ಯಾಲ ಫೋನ್ ಸ್ವಚ್ಛ ಮಾಡೀರಂತ," ಎಂದಳು ಹೆಂಡತಿ ಸುವರ್ಣಾ.

"ಇದು ಕಲಾವಿದರ ಕೆಲಸ. ನಿನಗ ತಿಳಿಯಂಗಿಲ್ಲ," ಎಂದೆ.

ನ್ಯಾಯಾಧೀಶನಂತೆ ಕುಳಿತು ವಿಚಾರಣೆ ನಡೆಸಿದೆ. ಅಲುಗಾಡಿದ್ದಕ್ಕೆ ಕ್ಷಮೆಯಿಲ್ಲ. ಮಸುಕಾದದ್ದಕ್ಕೆ ಮೇಲ್ಮನವಿಯಿಲ್ಲ. ಕೊನೆಗೆ ಫೋನಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಉಳಿದದ್ದರಲ್ಲಿ ಒಂದು ಬಂಗಾರದಂಥದ್ದು. ಕಾದ ಎಣ್ಣೆಯಲ್ಲಿ ಮಿರ್ಚಿ ಭಜಿ, ಅವನ್ನು ತಿರುವಿ ಹಾಕುವ ಎರಡು ಕೈಗಳು, ಜೊತೆಗೊಂದು ಧ್ವನಿ: "ಸಂಜೀಗೆ ಬರ್ರಿ, ಬಿಸಿಬಿಸಿ ಇರ್ತಾವು!"

ಆ ಕೈ, ಆ ಧ್ವನಿ ನನ್ನ ಮಾವನವರದು. ಸುರಪುರದ ಬಸ್ ನಿಲ್ದಾಣದ ಹತ್ತಿರ ಅವರ ಮಿರ್ಚಿ ಗಾಡಿ ಇತ್ತು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮುಖ ಕಾಣುವುದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ತಲೆಬರಹವಿಲ್ಲದಿದ್ದರೆ ಜನ ನೋಡುವುದಿಲ್ಲವೆಂದು "ಸುರಪುರದ ಬಿಸಿ ಮಿರ್ಚಿ, ಇಂದೇ ಬನ್ನಿ" ಎಂದು ಬರೆದು ಹಾಕಿಯೇ ಬಿಟ್ಟೆ.

ಸುರಪುರದಲ್ಲಿ ಗೊತ್ತಾಗದವರು ಯಾರೂ ಇರಲಿಲ್ಲ!

ಸಂಜೆ ಸುವರ್ಣಾಳ ತಮ್ಮ ಮಲ್ಲಪ್ಪನ ಫೋನು. ಅವನು ಅಲ್ಲೇ ಆಟೊ ಓಡಿಸುತ್ತಾನೆ, ಅತ್ತೆ ಅವನ ಜೊತೆಗಿದ್ದಾರೆ.

"ಮಾಮಾ, ಏನ್ ಮಾಡೀರಿ ಇದು? ಮನಿ ಮುಂದ ಮಂದಿ ಬಂದು ನಿಂತಾರ. ಗಾಡಿ ಮತ್ತ ಸುರು ಆತೇನು ಅಂತ ಕೇಳಾಕತ್ತಾರ. ಒಬ್ಬಾಕಿ ಡಬ್ಬಿನೂ ತಂದಾಳ! ಅವ್ವ ಆ ವೀಡಿಯೊ ನೋಡಿದ್ಲು. ನೋಡಿ ಒಳಗ ಹೋಗಿ ಬಾಗಲಾ ಹಾಕ್ಕೊಂಡಾಳ."

ಗಾಬರಿಯಲ್ಲಿ ವೀಡಿಯೊ ಅಳಿಸಿದೆ. ಹಾಕಿದ್ದನ್ನಷ್ಟೇ ಅಲ್ಲ, ಫೋನಿನಲ್ಲಿದ್ದ ಮೂಲವನ್ನೂ ಅಳಿಸಿದೆ, ಬುಟ್ಟಿಯಿಂದಲೂ ತೆಗೆದೆ. ಅಳಿಸುವುದರಲ್ಲಿ ಆ ದಿನ ನನ್ನ ಕೈ ಚೆನ್ನಾಗಿ ಪಳಗಿತ್ತು.

ಮರುದಿನ ಬೆಳಿಗ್ಗೆ ಬಸ್ ಹತ್ತಿದೆವು. ಶಹಾಪುರ ದಾಟಿದ ಮೇಲೆ ಸುವರ್ಣಾ ಮೆಲ್ಲಗೆ ಕೇಳಿದಳು: "ಅಪ್ಪನ ದನಿ ನನಗೊಮ್ಮಿ ಕೇಳಸಬೇಕು ಅಂತ ನಿಮಗ ಅನ್ನಿಸ್ಲೇ ಇಲ್ಲೇನ್ರಿ?"

ನಾನು ಕಿಟಕಿಯ ಕಡೆ ತಿರುಗಿದೆ.

ಅತ್ತೆ ಬಾಗಿಲಲ್ಲೇ ಕುಳಿತಿದ್ದರು. ಕಣ್ಣು ಊದಿದ್ದವು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮಾಪಣೆಯ ಭಾಷಣವನ್ನು ಆರಂಭಿಸಿದೆ. ಅವರು ಕೈ ಎತ್ತಿ ತಡೆದರು.

"ಅದಿರ್ಲಿ ಬಿಡ್ರಿ, ಅಳಿಯಂದ್ರ. ನಿನ್ನೆ ಪೂರಾ ನೋಡಾಕ ಆಗ್ಲಿಲ್ಲ ನನಗ. ಇನ್ನೊಮ್ಮಿ ಹಚ್ಚರಿ."

"ಅದು... ಅಳಿಸೇನ್ರಿ ಅತ್ತಿ."

"ಹೋಗ್ಲಿ, ಬ್ಯಾರೇವು ಅದಾವಲ್ಲ? ಬಂದಾಗೊಮ್ಮಿ ಫೋನ್ ಹಿಡಕೊಂಡು ಅವರ ಮುಂದ ನಿಂದರ್ತಿದ್ರಿ."

"ಅವೂ..."

ಅತ್ತೆ ಸುಮ್ಮನೆ ತಲೆಯಾಡಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು!

ಅಷ್ಟರಲ್ಲಿ ಸುವರ್ಣಾ ತನ್ನ ಫೋನಿನಲ್ಲಿ ನಾನು ಕಳಿಸಿದ್ದ ಹಳೆಯ ಸಂದೇಶಗಳನ್ನು ಕೆದಕತೊಡಗಿದ್ದಳು. ಕೊನೆಗೆ ಒಂದು ವೀಡಿಯೊ ಸಿಕ್ಕಿತು. ಎಂದೋ ಕಳಿಸಿದ್ದು, ಅವಳು ತೆರೆದೇ ಇರಲಿಲ್ಲ. ನನ್ನ ವೀಡಿಯೊಗಳನ್ನು ನೋಡುವ ಅಭ್ಯಾಸ ಅವಳಿಗಿಲ್ಲ.

ಹಚ್ಚಿದಳು. ಪರದೆ ತುಂಬ ಏನೋ ಕೆಂಪಗೆ, ದಪ್ಪಗೆ. ಬೇರೇನೂ ಕಾಣದು. ಆದರೆ ಧ್ವನಿ ಎದುರಿಗೇ ನಿಂತಂತಿತ್ತು:

"ಅಳಿಯಂದ್ರ, ಬೆರಳ ತಗೀರಿ! ಕ್ಯಾಮೆರಾ ಮುಚ್ಚಿ ಏನ್ ವೀಡಿಯೊ ತಗೀತೀರಿ? ಏ ಸುವರ್ಣಾ, ಎಂಥಾ ಶಾಣ್ಯಾಗ ಕೊಟ್ಟೇವವ್ವಾ ನಿನ್ನ!" ಹಿಂದೆಯೇ ಮಾವನವರ ದೊಡ್ಡ ನಗು.

ಅತ್ತೆಗೆ ಅಳು, ನಗು ಒಟ್ಟಿಗೇ ಬಂದವು. ಸುವರ್ಣಾಳಿಗೂ. ಮಲ್ಲಪ್ಪ ಗೋಡೆಯ ಕಡೆ ತಿರುಗಿ ನಿಂತ.

"ಇನ್ನೊಮ್ಮಿ ಹಚ್ಚವ್ವಾ," ಎಂದರು ಅತ್ತೆ.

ಈಗ ಆ ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ಆ ವೀಡಿಯೊ ಹಚ್ಚುತ್ತಾರೆ. ನಾನು ಅಲ್ಲೇ ಕುಳಿತಿದ್ದರೆ, "ಇವರೇ ನೋಡ್ರಿ ಆ ಶಾಣ್ಯಾ," ಎಂದು ಪರಿಚಯವನ್ನೂ ಮಾಡಿಸುತ್ತಾರೆ. ನನ್ನ ಸಮಸ್ತ ಕೃತಿಗಳಲ್ಲಿ ಜನ ಮತ್ತೆ ಮತ್ತೆ ನೋಡುವುದು ಇದೊಂದನ್ನೇ. ಅದರಲ್ಲಿ ಕಾಣುವುದು ನನ್ನ ಹೆಬ್ಬೆರಳು ಮಾತ್ರ!