ಬೆಂಗೇರಿಯಿಂದ ಅಂಕೋಲಾಕ್ಕೆ ಬಂದ ಚೀಲಗಳು

ಪ್ಲಾಸ್ಟಿಕ್ಕಿನ ಬಗ್ಗೆ ಪಾಠ ಮಾಡಲು ಈ ಭೂಮಂಡಲದಲ್ಲಿ ನನಗಿಂತ ಅರ್ಹ ಮನುಷ್ಯ ಇಲ್ಲ ಎಂದು ಆಗ ನಂಬಿದ್ದೆ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಮಾಸ್ತರ. ವಿದ್ಯಾರ್ಥಿಗಳನ್ನು ಅಂಕೋಲಾ ಸಮುದ್ರದಂಡೆಗೆ ಒಯ್ದು, ಹಗ್ಗ ಕಟ್ಟಿದ ಜಾಗದೊಳಗಿನ ಪ್ಲಾಸ್ಟಿಕ್ಕನ್ನು ಒಂದು ಚೂರೂ ಬಿಡದೆ ಆರಿಸಿ, ಎಣಿಸಿ, ಎಲ್ಲಿಂದ ಬಂತೆಂದು ಬರೆಸುವುದು ನನ್ನ ಯೋಜನೆ. ಕಣ್ಣಿದ್ದವರೆಲ್ಲ ವಿಜ್ಞಾನ ಮಾಡಬಹುದು ಎಂದು ಪ್ರಿನ್ಸಿಪಾಲರೆದುರು ಭಾಷಣ ಬಿಗಿದೆ.

"ಹೋಗ್ರಿ," ಎಂದರು ಅವರು. "ಆದ್ರ ಕೆಲಸ ನೆಟ್ಟಗಾದ್ರ ಮಾತ್ರ ಮುಂದಿನ ವರ್ಷ ಪರವಾನಗಿ. ಇಲ್ಲಾಂದ್ರ ಇದ ಕಡೀದು."

ಇದು ಕಡೆಯದಾಗಲು ಬಿಡುವಂತಿರಲಿಲ್ಲ. ಹುಟ್ಟಿದಾಗಿನಿಂದ ಸಮುದ್ರವನ್ನೇ ನೋಡದ ಹುಡುಗರು ಇನ್ನೂ ಎಷ್ಟೋ ಮಂದಿ ಇದ್ದರು.

ಹೆಂಡತಿ ಶಾರದಾ ಎಲ್ಲರಿಗೂ ಬುತ್ತಿ ಕಟ್ಟಿದಳು. ರೊಟ್ಟಿಗೊಂದು ಚೀಲ, ಪಲ್ಯಕ್ಕೊಂದು, ಶೇಂಗಾ ಚಟ್ನಿಗೊಂದು! ಎಲ್ಲವೂ ಹುಬ್ಬಳ್ಳಿಯ ನಮ್ಮ ಬಡಾವಣೆ ಬೆಂಗೇರಿಯ ಕಿರಾಣಿ ಅಂಗಡಿಯ ವಿಳಾಸವಿದ್ದ ಪ್ಲಾಸ್ಟಿಕ್ ಚೀಲಗಳು.

"ಪ್ಲಾಸ್ಟಿಕ್ ಎಣಸಾಕ ಹೊಂಟೀರಿ, ಇದು ನಡೀತೈತೇನ್ರೀ?"

"ಉಂಡು ವಾಪಸ್ ತರತೀವಿ," ಎಂದೆ ಗಂಭೀರವಾಗಿ.

ದಂಡೆಯಲ್ಲಿ ಊಟವಾಯಿತು. ಖಾಲಿ ಚೀಲಗಳನ್ನು ಗುಡ್ಡೆ ಹಾಕಿಸಿ, ಹಾರದಂತೆ ಮೇಲೆ ನನ್ನ ಚಪ್ಪಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ಉಸುಕು ಕಾಲು ಸುಟ್ಟಿತು. ಚಪ್ಪಲಿ ಮೆಟ್ಟಿಕೊಂಡು ಎಳನೀರು ಹುಡುಕುತ್ತ ಹೊರಟೆ! ಹಿಂದೆ ಗಾಳಿ ಎದ್ದದ್ದು ನನಗೇನು ಗೊತ್ತು?

ಮರಳಿದಾಗ ಎಣಿಕೆ ಭರದಿಂದ ಸಾಗಿತ್ತು. ಸಾವಿತ್ರಿ ಎಂಬ ವಿದ್ಯಾರ್ಥಿನಿ ಪಟ್ಟಿ ಹಿಡಿದು ಬಂದಳು. "ಸರ್, ಎಲ್ಲಾಕ್ಕಿಂತ ಹೆಚ್ಚು ಬೆಂಗೇರಿ ಚೀಲ ಸಿಕ್ಕಾವ್ರಿ. ಆದ್ರ..."

ಮೈ ಜುಮ್ಮೆಂದಿತು! ನಮ್ಮ ಕಡೆಯ ನೀರು ಬೇಡ್ತಿ ಹೊಳೆ ಸೇರಿ ಅಂಕೋಲಾದ ಹತ್ತಿರವೇ ಸಮುದ್ರಕ್ಕೆ ಬೀಳುತ್ತದೆ. "ನೋಡ್ರೆಪಾ! ನಮ್ಮ ಕಸ ಗಟಾರ ದಾಟಿ, ಹೊಳಿ ದಾಟಿ ಇಲ್ಲಿಗೆ ಬಂದೈತಿ!"

"ಸರ್, ಅದು..."

"ನಡುವ ಮಾತಾಡಬ್ಯಾಡವಾ, ಬರಕೋ!"

ಆವೇಶದಲ್ಲಿ ಪ್ರಿನ್ಸಿಪಾಲರಿಗೆ ಮೊಬೈಲ್ ಹಚ್ಚಿ ಶೋಧವನ್ನು ಘೋಷಿಸಿದೆ. ಅವರೂ ಉಬ್ಬಿ, ನಾಳೆಯೇ ಪತ್ರಿಕೆಯವರನ್ನು ಕರೆಸುತ್ತೇನೆ ಎಂದರು.

ಫೋನಿಟ್ಟೊಡನೆ ಸಾವಿತ್ರಿ ಚೀಲವೊಂದನ್ನು ನನ್ನ ಮೂಗಿಗೆ ಹಿಡಿದಳು. "ಇಷ್ಟು ಹೊಳಿ ಈಜಿ ಬಂದ್ರೂ ಶೇಂಗಾ ಚಟ್ನಿ ತೊಯ್ದಿಲ್ರಿ ಸರ್."

ಘಮ್ಮೆನ್ನುತ್ತಿತ್ತು. ನಮ್ಮ ಮನೆಯದೇ!

ಮತ್ತೆ ಫೋನ್ ಮಾಡಿದೆ. "ಸರ್, ಪತ್ರಿಕೆಯವರು ಬ್ಯಾಡ್ರಿ. ಆ ಚೀಲ ಹೊಳಿ ತಂದಿದ್ದಲ್ರಿ. ನಾನ ತಂದಿದ್ದು."

ಎಲ್ಲ ಕೇಳಿಸಿಕೊಂಡು ಅವರು ಬಿದ್ದು ಬಿದ್ದು ನಕ್ಕರು. "ಹುಡುಗರ ಎಣಿಕಿ ಖರೇ ಐತಲ್ಲ? ಮುಂದಿನ ವರ್ಷನೂ ಅವರು ಹೋಗ್ಲಿ."

"ಭಾಳ ಉಪಕಾರ ಆತ್ರಿ! ಯಾವ ದಂಡಿಗೆ ಕರಕೊಂಡು ಹೋಗ್ಲಿ?"

"ನೀವಲ್ರಿ! ನೀವು ನಮ್ಮೂರ ಉಣಕಲ್ ಕೆರಿ ಹತ್ರನೂ ಸುಳೀಬ್ಯಾಡ್ರಿ."

ಮರುವರ್ಷ ಹುಡುಗರನ್ನು ಇತಿಹಾಸದ ಮಾಸ್ತರು ಕರೆದೊಯ್ದರು. ನಾನು ಗೇಟಿನಲ್ಲಿ ನಿಂತು ಕೈ ಬೀಸಿದೆ. ಅವರ ವರದಿಯೂ ಬಂತು: ಅಂಕೋಲಾ ದಂಡೆಯಲ್ಲಿ ಪ್ಲಾಸ್ಟಿಕ್ ಗಮನಾರ್ಹವಾಗಿ ಕಡಿಮೆಯಾಗಿದೆ!